ಮನಃಶಾಸ್ತ್ರ ಪದವಿಗೆ ಪಿಯುಸಿಯಲ್ಲಿ ಯಾವ ವಿಷಯ?: ಮುಖ್ಯಾಂಶಗಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಪಿಯು ಅರ್ಜಿಯಲ್ಲಿ ಕಾಂಬಿನೇಷನ್ ಬರೆಯಬೇಕು. ಮನಃಶಾಸ್ತ್ರ ಓದಬೇಕೆಂದಿರುವ ವಿದ್ಯಾರ್ಥಿಗೆ ಆಗ ಎರಡು ಬಗೆಯ ಸಲಹೆ ಬರುತ್ತದೆ. "ಅದಕ್ಕೇನು, ಆರ್ಟ್ಸ್ ಸಾಕು" ಎನ್ನುವವರು ಒಂದು ಕಡೆ, "ಸೈನ್ಸ್ ಇಲ್ಲದಿದ್ದರೆ ಮುಂದೆ ಕಷ್ಟ" ಎನ್ನುವವರು ಇನ್ನೊಂದು ಕಡೆ. ಎರಡರಲ್ಲೂ ಅರ್ಧ ನಿಜವಿದೆ. ಯಾವ ಅರ್ಧ ನಿಮಗೆ ಅನ್ವಯಿಸುತ್ತದೆ ಎಂದು ತಿಳಿಯಲು ಬೇಕಾದ ಸಂಗತಿಗಳು ಇಲ್ಲಿವೆ. ಪಿಯು ಮನಃಶಾಸ್ತ್ರ, ಟಿಇಟಿ ಮತ್ತು ಸಿಯುಇಟಿಗೆ ಓದುವವರಿಗೂ ಇವು ಉಪಯೋಗಕ್ಕೆ ಬರುತ್ತವೆ.

1. ಒಂದು ನೋಟದಲ್ಲಿ

- ರಾಜ್ಯದ ಬಹುತೇಕ ಕಾಲೇಜುಗಳಲ್ಲಿ ಬಿ.ಎ. ಮನಃಶಾಸ್ತ್ರಕ್ಕೆ ಕಲಾ, ವಾಣಿಜ್ಯ, ವಿಜ್ಞಾನ ಮೂರೂ ವಿಭಾಗದವರು ಸೇರಬಹುದು.
- ಪಿಯುಸಿಯಲ್ಲಿ ಮನಃಶಾಸ್ತ್ರ ಓದಿರಲೇಬೇಕು ಎಂಬ ನಿಯಮ ಸಾಮಾನ್ಯವಾಗಿ ಇಲ್ಲ.
- ಪದವಿಯಲ್ಲಿ ಬೇಕಾಗುವ ಬಲ ಮೂರು: ಅಂಕಿ-ಅಂಶ ಅರಿಯುವ ಬಲ, ಶರೀರ ಅರಿಯುವ ಬಲ, ಓದಿ ಬರೆಯುವ ಬಲ.
- ಸೂತ್ರ: ಮೂರರಲ್ಲಿ ಎರಡನ್ನು ಕಾಂಬಿನೇಷನ್ ಕೊಡಬೇಕು, ಮೂರನೆಯದನ್ನು ಸ್ವಂತ ಓದಿನಿಂದ ತುಂಬಿಕೊಳ್ಳಬೇಕು.
- ಮನೋವೈದ್ಯರಾಗುವ ಆಸೆ ಇದ್ದರೆ ಮಾತ್ರ ಆಯ್ಕೆಯೇ ಇಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಕಡ್ಡಾಯ.

2. ಪಿಯುಸಿ ಚೌಕಟ್ಟು

- ಪಿಯುಸಿ ಅವಧಿ 2 ವರ್ಷ. ಎರಡು ಭಾಷೆ ಮತ್ತು ನಾಲ್ಕು ಐಚ್ಛಿಕ ವಿಷಯಗಳು. ತಲಾ 100 ಅಂಕದಂತೆ ಒಟ್ಟು 600.
- ಪರೀಕ್ಷೆ ನಡೆಸುವ ಸಂಸ್ಥೆ: ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ.
- ಮನಃಶಾಸ್ತ್ರ ಐಚ್ಛಿಕ ವಿಷಯಗಳಲ್ಲಿ ಒಂದು. ಇದರಲ್ಲಿ ಲಿಖಿತ ಪರೀಕ್ಷೆಯ ಜೊತೆಗೆ ಪ್ರಾಯೋಗಿಕ ಪರೀಕ್ಷೆಯೂ ಇದೆ.
- ಎಲ್ಲ ಪಿಯು ಕಾಲೇಜುಗಳಲ್ಲಿ ಮನಃಶಾಸ್ತ್ರ ಸಿಗುವುದಿಲ್ಲ. ಉಪನ್ಯಾಸಕರು ಮತ್ತು ಪ್ರಯೋಗಾಲಯ ಇದ್ದಲ್ಲಿ ಮಾತ್ರ ಕಲಿಸುತ್ತಾರೆ. ಅರ್ಜಿ ಹಾಕುವ ಮೊದಲು ವಿಚಾರಿಸಿ.
- ಸಿಬಿಎಸ್‌ಇಯಲ್ಲಿ ಮನಃಶಾಸ್ತ್ರದ ವಿಷಯ ಸಂಕೇತ 037. ಲಿಖಿತ 70, ಪ್ರಾಯೋಗಿಕ 30.

3. ಮೊದಲ ತೀರ್ಮಾನ: ಮನೋವೈದ್ಯರೋ, ಮನಃಶಾಸ್ತ್ರಜ್ಞರೋ?

ವಿಷಯ ಆಯ್ಕೆಯ ಗೊಂದಲ ಹೆಚ್ಚಾಗಿ ಹುಟ್ಟುವುದು ಇಲ್ಲಿ. ಮನೆಯವರು "ಮಾನಸಿಕ ಡಾಕ್ಟರು" ಎಂದು ಒಂದೇ ಹೆಸರಿನಲ್ಲಿ ಕರೆಯುವ ಇಬ್ಬರ ಓದಿನ ಹಾದಿ ಪಿಯು ಮೊದಲ ದಿನದಿಂದಲೇ ಬೇರೆ.

| | ಮನೋವೈದ್ಯರು | ಚಿಕಿತ್ಸಾ ಮನಃಶಾಸ್ತ್ರಜ್ಞರು |
|---|---|---|
| ಪಿಯು ವಿಷಯ | ಭೌತ, ರಸಾಯನ, ಜೀವಶಾಸ್ತ್ರ ಕಡ್ಡಾಯ | ಯಾವ ವಿಭಾಗವಾದರೂ ಸರಿ |
| ಪ್ರವೇಶ ಪರೀಕ್ಷೆ | ನೀಟ್ | ಸಾಮಾನ್ಯವಾಗಿ ಪಿಯು ಅಂಕ. ಕೆಲವೆಡೆ ಪ್ರವೇಶ ಪರೀಕ್ಷೆ |
| ಪದವಿ | ಎಂಬಿಬಿಎಸ್, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ | ಬಿ.ಎ. ಅಥವಾ ಬಿ.ಎಸ್ಸಿ., 3 ವರ್ಷ |
| ನಂತರ | ಎಂ.ಡಿ. ಮನೋವೈದ್ಯಶಾಸ್ತ್ರ, 3 ವರ್ಷ | ಎಂ.ಎ./ಎಂ.ಎಸ್ಸಿ. 2 ವರ್ಷ, ಆಮೇಲೆ ಕ್ಲಿನಿಕಲ್ ತರಬೇತಿ |
| ಔಷಧಿ ಬರೆಯುವ ಅಧಿಕಾರ | ಇದೆ | ಇಲ್ಲ |
| ಮುಖ್ಯ ಕೆಲಸ | ರೋಗನಿರ್ಣಯ, ಔಷಧೋಪಚಾರ | ಮಾನಸಿಕ ಪರೀಕ್ಷೆಗಳು, ಮನೋಚಿಕಿತ್ಸೆ |

- ಪಿಸಿಎಂಸಿ (ಭೌತ, ರಸಾಯನ, ಗಣಿತ, ಗಣಕ ವಿಜ್ಞಾನ) ಓದಿದವರು ಜೀವಶಾಸ್ತ್ರವನ್ನು ಆಮೇಲೆ ಹೆಚ್ಚುವರಿ ವಿಷಯವಾಗಿ ಬರೆದು ನೀಟ್‌ಗೆ ಅರ್ಹರಾಗಲು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಅವಕಾಶ ಕೊಟ್ಟಿತು. ಅದಕ್ಕೆ ಮತ್ತೊಂದು ಪರೀಕ್ಷೆ, ಮತ್ತಷ್ಟು ತಿಂಗಳು ಬೇಕು. ಕಲಾ ವಿಭಾಗದವರಿಗಾದರೆ ಮೂರೂ ವಿಜ್ಞಾನ ವಿಷಯ ಹೊಸದಾಗಿ ಓದಬೇಕಾಗುತ್ತದೆ.
- ಆದ್ದರಿಂದ ಮನೋವೈದ್ಯರಾಗುವ ಆಸೆ ಸ್ವಲ್ಪವಾದರೂ ಇದ್ದರೆ ಪಿಸಿಎಂಬಿಯನ್ನೇ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಹಿಡಿಯುವುದು ಜಾಣತನ. ವಿಜ್ಞಾನದಿಂದ ಬಿ.ಎ.ಗೆ ಬರುವುದು ಸುಲಭ, ಕಲಾ ವಿಭಾಗದಿಂದ ವೈದ್ಯಕೀಯಕ್ಕೆ ಹೋಗುವುದು ಕಷ್ಟ.

4. ಮೊದಲ ಬಲ: ಸಂಖ್ಯಾಶಾಸ್ತ್ರ

ಮನಃಶಾಸ್ತ್ರ ಪದವಿಗೆ ಸೇರಿ ಬೆಚ್ಚಿಬೀಳುವವರು ಬಹುತೇಕ ಈ ಪತ್ರಿಕೆಯಲ್ಲೇ. ಇದಿಲ್ಲದೆ ಒಂದು ಪ್ರಯೋಗದ ಫಲಿತಾಂಶವನ್ನೂ ಬರೆಯಲಾಗದು, ಒಂದು ಬುದ್ಧಿಶಕ್ತಿ ಪರೀಕ್ಷೆಯ ಅಂಕವನ್ನೂ ಅರ್ಥಮಾಡಿಕೊಳ್ಳಲಾಗದು.

- ಮೊದಲೇ ಗೊತ್ತಿರಬೇಕಾದವು: ಸರಾಸರಿ, ಮಧ್ಯಾಂಕ, ಬಹುಲಕ, ಮಾನಕ ವಿಚಲನೆ, ಸಹಸಂಬಂಧ, ಸಂಭವನೀಯತೆ, ಸಾಮಾನ್ಯ ವಿತರಣೆಯ ವಕ್ರರೇಖೆ.
- ಬುದ್ಧಿಸೂಚ್ಯಂಕದ ಹಳೆಯ ಸೂತ್ರ: ಮಾನಸಿಕ ವಯಸ್ಸನ್ನು ದೈಹಿಕ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸುವುದು. 10 ವರ್ಷದ ಮಗುವಿನ ಮಾನಸಿಕ ವಯಸ್ಸು 12 ಆದರೆ ಸೂಚ್ಯಂಕ 120. ಇದರ ಹಿಂದಿನ ಆಲೋಚನೆ ವಿಲಿಯಂ ಸ್ಟರ್ನ್ ಅವರದು, 1912.
- ವೆಕ್ಸ್‌ಲರ್ ಮಾದರಿಯ ಪರೀಕ್ಷೆಗಳಲ್ಲಿ ಸರಾಸರಿ 100, ಮಾನಕ ವಿಚಲನೆ 15. 85ರಿಂದ 115ರೊಳಗೆ ಸುಮಾರು ಶೇ. 68 ಜನ, 70ರಿಂದ 130ರೊಳಗೆ ಸುಮಾರು ಶೇ. 95 ಜನ ಬರುತ್ತಾರೆ.
- 70 ಎಂಬುದು ಸರಾಸರಿಗಿಂತ ಎರಡು ಮಾನಕ ವಿಚಲನೆ ಕೆಳಗಿನ ಅಂಕ. ಬೌದ್ಧಿಕ ಅಸಾಮರ್ಥ್ಯ ಗುರುತಿಸುವಾಗ ಇದನ್ನು ಗಮನಿಸುತ್ತಾರೆ. ಜೊತೆಗೆ ಮಗುವಿನ ದಿನನಿತ್ಯದ ಹೊಂದಾಣಿಕೆಯ ಸಾಮರ್ಥ್ಯವನ್ನೂ ನೋಡಲೇಬೇಕು.
- ಸಹಸಂಬಂಧ ಸಹಗುಣಕ –1ರಿಂದ +1ರವರೆಗೆ ಇರುತ್ತದೆ. ಸಹಸಂಬಂಧ ಇದೆ ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನುವಂತಿಲ್ಲ. ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕೇಳುವ ಅಂಶ ಇದು.
- ಶ್ರೇಣಿ ಸಹಸಂಬಂಧದ ಸೂತ್ರ ಕೊಟ್ಟ ಚಾರ್ಲ್ಸ್ ಸ್ಪಿಯರ್‌ಮನ್ ಸ್ವತಃ ಮನಃಶಾಸ್ತ್ರಜ್ಞರು. ಬುದ್ಧಿಶಕ್ತಿಯ ಸಾಮಾನ್ಯ ಅಂಶದ ಸಿದ್ಧಾಂತವನ್ನು ಅವರು ಮಂಡಿಸಿದ್ದು 1904ರಲ್ಲಿ.
- ಈ ಬಲ ಕೊಡುವ ಪಿಯು ವಿಷಯಗಳು: ಸಂಖ್ಯಾಶಾಸ್ತ್ರ, ಗಣಿತ, ಸ್ವಲ್ಪ ಮಟ್ಟಿಗೆ ಅರ್ಥಶಾಸ್ತ್ರ. ಎನ್‌ಸಿಇಆರ್‌ಟಿಯ 11ನೇ ತರಗತಿಗೆ 'ಅರ್ಥಶಾಸ್ತ್ರಕ್ಕಾಗಿ ಸಂಖ್ಯಾಶಾಸ್ತ್ರ' ಎಂಬ ಪ್ರತ್ಯೇಕ ಪುಸ್ತಕವೇ ಇದೆ. ಸರಾಸರಿಯಿಂದ ಸಹಸಂಬಂಧದವರೆಗೆ ಎಲ್ಲವೂ ಅದರಲ್ಲಿ ಸಿಗುತ್ತದೆ.
- ಕಲನಶಾಸ್ತ್ರ, ತ್ರಿಕೋನಮಿತಿ ಪದವಿ ಮಟ್ಟದ ಮನಃಶಾಸ್ತ್ರಕ್ಕೆ ಅಷ್ಟಾಗಿ ಬೇಕಾಗುವುದಿಲ್ಲ. ಗಣಿತ ಕಂಡರೆ ಹೆದರುವವರು ಗಣಿತ ಬಿಟ್ಟು ಸಂಖ್ಯಾಶಾಸ್ತ್ರ ಹಿಡಿಯಬಹುದು.

5. ಎರಡನೆಯ ಬಲ: ಜೀವಶಾಸ್ತ್ರ

- ಪದವಿಯ 'ಜೈವಿಕ ಮನಃಶಾಸ್ತ್ರ' ಪತ್ರಿಕೆಗೆ ನೇರ ಬುನಾದಿ ಹಾಕುವುದು ಪಿಯು ಜೀವಶಾಸ್ತ್ರ.
- ನೆರವಾಗುವ ಅಧ್ಯಾಯಗಳು: ನರ ನಿಯಂತ್ರಣ ಮತ್ತು ಸಹಯೋಜನೆ, ರಾಸಾಯನಿಕ ಸಹಯೋಜನೆ, ಅನುವಂಶೀಯತೆಯ ತತ್ವಗಳು.
- ಕಪಾಲ ನರಗಳು 12 ಜೊತೆ, ಬೆನ್ನುಹುರಿ ನರಗಳು 31 ಜೊತೆ. ಮನುಷ್ಯನ ವರ್ಣತಂತುಗಳು 23 ಜೊತೆ. 21ನೆಯ ವರ್ಣತಂತು ಒಂದು ಹೆಚ್ಚಾದರೆ ಡೌನ್ ಸಿಂಡ್ರೋಮ್.
- ಪಾಲ್ ಬ್ರೋಕಾ 1861ರಲ್ಲಿ ಮಾತಿನ ಉತ್ಪಾದನೆಗೆ ಸಂಬಂಧಿಸಿದ ಮಿದುಳಿನ ಭಾಗವನ್ನು ಗುರುತಿಸಿದರು.
- ಇವಾನ್ ಪಾವ್ಲೊವ್ ಅವರಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ನಾಯಿಗಳ ಜೊಲ್ಲಿನ ಅಧ್ಯಯನವೇ ಮುಂದೆ ಶಾಸ್ತ್ರೀಯ ಅನುಬಂಧನದ ಸಿದ್ಧಾಂತವಾಯಿತು.
- ರೋಜರ್ ಸ್ಪೆರಿ ಅವರಿಗೆ 1981ರಲ್ಲಿ ನೊಬೆಲ್. ಮಿದುಳಿನ ಎಡ-ಬಲ ಅರ್ಧಗೋಳಗಳ ಕಾರ್ಯಭೇದವನ್ನು ಅವರು ತೋರಿಸಿಕೊಟ್ಟರು.
- ಕಲಾ, ವಾಣಿಜ್ಯ ವಿಭಾಗದವರು ಕೊರತೆ ತುಂಬಿಕೊಳ್ಳುವ ದಾರಿ: ಹತ್ತನೇ ತರಗತಿ ವಿಜ್ಞಾನ ಪಠ್ಯದ 'ನಿಯಂತ್ರಣ ಮತ್ತು ಸಹಭಾಗಿತ್ವ' ಪಾಠವನ್ನು ಮತ್ತೊಮ್ಮೆ ಓದಿ. ಆಮೇಲೆ ಪಿಯು ಜೀವಶಾಸ್ತ್ರದ ನರಮಂಡಲದ ಅಧ್ಯಾಯ ಒಂದನ್ನಾದರೂ ಚಿತ್ರ ಬರೆದು ಕಲಿಯಿರಿ. ನರಕೋಶ, ಮಿದುಳು, ಪ್ರತಿವರ್ತನ ಚಾಪ, ಈ ಮೂರು ಚಿತ್ರ ಬಂದರೆ ಪದವಿಯ ಮೊದಲ ಸೆಮಿಸ್ಟರ್ ಹಗುರ.

6. ಮೂರನೆಯ ಬಲ: ಭಾಷೆ

- ವ್ಯಕ್ತಿ ಅಧ್ಯಯನ, ಪ್ರಯೋಗ ವರದಿ, ಸಂದರ್ಶನದ ದಾಖಲೆ ಎಲ್ಲವೂ ಬರವಣಿಗೆಯ ಕೆಲಸ. ವಿಜ್ಞಾನ ವಿಭಾಗದವರು ಭಾಷಾ ಪತ್ರಿಕೆಗಳನ್ನು ಉದಾಸೀನ ಮಾಡುವುದು ಇಲ್ಲಿ ನಷ್ಟ ತರುತ್ತದೆ.
- ಪದವಿ ಪಠ್ಯಪುಸ್ತಕಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದವರು ಪಿಯು ಹಂತದಲ್ಲೇ ಪ್ರತಿ ಪಾರಿಭಾಷಿಕ ಪದವನ್ನೂ ಎರಡೂ ಭಾಷೆಯಲ್ಲಿ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು.
- ಇಂಗ್ಲಿಷ್ ಮಾಧ್ಯಮದವರು ಕನ್ನಡವನ್ನು ಬಿಡುವಂತಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಎದುರು ಕೂರುವವರು "ಎದೆ ಡವಗುಟ್ಟುತ್ತದೆ, ಯಾವುದರಲ್ಲೂ ಮನಸ್ಸಿಲ್ಲ" ಎಂದು ಹೇಳಿಕೊಳ್ಳುತ್ತಾರೆಯೇ ಹೊರತು ರೋಗದ ಹೆಸರು ಹೇಳುವುದಿಲ್ಲ.
- ಕನ್ನಡದಲ್ಲಿ ಮನಸ್ಸಿನ ವಿಷಯ ಬರೆದ ಪರಂಪರೆ ಗಟ್ಟಿಯಾಗಿದೆ. 'ರಾಶಿ' ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮಾನಸಿಕ ಆರೋಗ್ಯದ ಬಗ್ಗೆ ಕನ್ನಡದಲ್ಲಿ ಹಲವಾರು ಪುಸ್ತಕಗಳನ್ನು ಬರೆದಿದ್ದಾರೆ.

7. ಪಿಯುಸಿಯಲ್ಲೇ ಮನಃಶಾಸ್ತ್ರ ತೆಗೆದುಕೊಳ್ಳಬೇಕೆ?

- ಲಾಭ: ವಿಷಯ ನಿಜಕ್ಕೂ ಇಷ್ಟವೇ ಎಂದು ಪದವಿಗೆ ಮೊದಲೇ ಗೊತ್ತಾಗುತ್ತದೆ. ಕನಸಿನ ಅರ್ಥ, ಮನಸ್ಸು ಓದುವ ವಿದ್ಯೆ ಎಂದುಕೊಂಡು ಬಂದವರು ನೆನಪು, ಕಲಿಕೆ, ಸಂವೇದನೆಗಳ ಪಾಠ ಕಂಡು ನಿರಾಶರಾಗುವುದುಂಟು. ಈ ನಿರಾಸೆ ಪಿಯುಸಿಯಲ್ಲಿ ಆದರೆ ನಷ್ಟ ಕಡಿಮೆ.
- ನಷ್ಟ: ತೆಗೆದುಕೊಳ್ಳದಿದ್ದರೆ ದೊಡ್ಡ ನಷ್ಟವೇನಿಲ್ಲ. ಪದವಿ ಪಾಠ ಮೊದಲಿಂದಲೇ ಶುರುವಾಗುತ್ತದೆ.
- ಎನ್‌ಸಿಇಆರ್‌ಟಿ 11ನೇ ತರಗತಿಯ ಮುಖ್ಯ ಅಧ್ಯಾಯಗಳು: ಮನಃಶಾಸ್ತ್ರ ಎಂದರೇನು, ವಿಚಾರಣಾ ವಿಧಾನಗಳು, ಮಾನವ ವಿಕಾಸ, ಸಂವೇದನೆ-ಅವಧಾನ-ಪ್ರತ್ಯಕ್ಷಾನುಭವ, ಕಲಿಕೆ, ಸ್ಮೃತಿ, ಆಲೋಚನೆ, ಅಭಿಪ್ರೇರಣೆ ಮತ್ತು ಸಂವೇಗ.
- 12ನೇ ತರಗತಿ: ಮಾನಸಿಕ ಗುಣಗಳಲ್ಲಿ ವೈವಿಧ್ಯ, ಸ್ವ ಮತ್ತು ವ್ಯಕ್ತಿತ್ವ, ಬದುಕಿನ ಸವಾಲುಗಳು, ಮಾನಸಿಕ ಅಸ್ವಸ್ಥತೆಗಳು, ಚಿಕಿತ್ಸಾ ವಿಧಾನಗಳು, ಮನೋಭಾವ, ಗುಂಪಿನ ಪ್ರಭಾವ.
- ಪ್ರಾಯೋಗಿಕದಲ್ಲಿ ಗಮನಿಸಬೇಕಾದದ್ದು: ಸ್ವತಂತ್ರ ಚಲಕ, ಪರತಂತ್ರ ಚಲಕ, ನಿಯಂತ್ರಿತ ಚಲಕಗಳನ್ನು ಗುರುತಿಸುವುದು. ಗದ್ದಲದಲ್ಲಿ ಮತ್ತು ಮೌನದಲ್ಲಿ ಪದಗಳನ್ನು ಬಾಯಿಪಾಠ ಮಾಡಿಸಿದರೆ ಗದ್ದಲ ಸ್ವತಂತ್ರ ಚಲಕ, ನೆನಪಿನಲ್ಲಿ ಉಳಿದ ಪದಗಳ ಸಂಖ್ಯೆ ಪರತಂತ್ರ ಚಲಕ, ಪದಪಟ್ಟಿಯ ಉದ್ದ ನಿಯಂತ್ರಿತ ಚಲಕ.

8. ಜೊತೆ ವಿಷಯಗಳು: ಯಾವುದು ಎಲ್ಲಿ ಒದಗುತ್ತದೆ

- ಸಮಾಜಶಾಸ್ತ್ರ: ಸಾಮಾಜಿಕ ಮನಃಶಾಸ್ತ್ರಕ್ಕೆ ಹತ್ತಿರ. ಕುಟುಂಬ, ಜಾತಿ, ಲಿಂಗ, ವಲಸೆ ತಿಳಿಯದೆ ರೋಗಿಯ ಸಂಕಟ ಅರ್ಥವಾಗದು.
- ಅರ್ಥಶಾಸ್ತ್ರ: ಮನಃಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು. ಜನ ಹಣದ ನಿರ್ಧಾರವನ್ನು ಹೇಗೆ ತೆಗೆದುಕೊಳ್ಳುತ್ತಾರೆ ಎಂಬ ಪ್ರಶ್ನೆ ಎರಡೂ ಶಾಸ್ತ್ರಗಳದ್ದು.
- ತರ್ಕಶಾಸ್ತ್ರ: ಪ್ರಾಕ್ಕಲ್ಪನೆ, ಅನುಮಾನ, ಸಾಕ್ಷ್ಯ, ಇವುಗಳ ಶಿಸ್ತು ಸಂಶೋಧನಾ ವಿಧಾನದ ಪತ್ರಿಕೆಗೆ ಒದಗುತ್ತದೆ.
- ಶಿಕ್ಷಣಶಾಸ್ತ್ರ: ಮಕ್ಕಳ ಕಲಿಕೆ, ಶಾಲಾ ಸಮಾಲೋಚನೆಯ ಕಡೆ ಒಲವಿದ್ದವರಿಗೆ ಒಳ್ಳೆಯದು.
- ಗೃಹವಿಜ್ಞಾನ: ಮಾನವ ವಿಕಾಸ, ಶಿಶುಪಾಲನೆಯ ಭಾಗ ನೇರವಾಗಿ ಹೊಂದುತ್ತದೆ.
- ಗಣಕ ವಿಜ್ಞಾನ: ದತ್ತಾಂಶ ವಿಶ್ಲೇಷಣೆಗೂ, ಮನುಷ್ಯ ಮತ್ತು ಯಂತ್ರದ ಒಡನಾಟದ ಅಧ್ಯಯನಕ್ಕೂ ದಾರಿ.
- ವ್ಯವಹಾರ ಅಧ್ಯಯನ: ಸಂಸ್ಥೆ ಮತ್ತು ಉದ್ಯೋಗಿಗಳ ಮನಃಶಾಸ್ತ್ರ, ಮಾನವ ಸಂಪನ್ಮೂಲ ವಿಭಾಗದ ಕೆಲಸಕ್ಕೆ ಹೊಂದುತ್ತದೆ.

9. ಕಾಂಬಿನೇಷನ್‌ಗಳ ತೂಕ

| ಕಾಂಬಿನೇಷನ್ | ಇರುವ ಬಲ | ತುಂಬಿಕೊಳ್ಳಬೇಕಾದ್ದು | ಯಾರಿಗೆ ಹೊಂದುತ್ತದೆ |
|---|---|---|---|
| ಪಿಸಿಎಂಬಿ | ಅಂಕಿ, ಶರೀರ | ಸಮಾಜದ ಓದು, ಬರವಣಿಗೆ | ಮನೋವೈದ್ಯ, ನರವಿಜ್ಞಾನ |
| ಪಿಸಿಎಂಸಿ | ಅಂಕಿ, ಗಣಕ | ಶರೀರ, ಬರವಣಿಗೆ | ಸಂಶೋಧನೆ, ದತ್ತಾಂಶ |
| ಎಸ್‌ಇಬಿಎ (ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ) | ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ | ಶರೀರ | ಉದ್ಯೋಗ ಮನಃಶಾಸ್ತ್ರ, ಗ್ರಾಹಕ ಅಧ್ಯಯನ |
| ಸಿಇಬಿಎ (ಗಣಕ ವಿಜ್ಞಾನ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ) | ಗಣಕ, ಅರ್ಥಶಾಸ್ತ್ರ | ಶರೀರ, ಸಂಖ್ಯಾಶಾಸ್ತ್ರ | ಮಾನವ ಸಂಪನ್ಮೂಲ |
| ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) | ಸಮಾಜದ ಓದು, ಬರವಣಿಗೆ | ಅಂಕಿ, ಶರೀರ | ಸಮುದಾಯ ಕೆಲಸ, ಸಮಾಲೋಚನೆ |
| ಮನಃಶಾಸ್ತ್ರ ಸೇರಿದ ಕಲಾ ಜೋಡಣೆ | ವಿಷಯದ ಪರಿಚಯ, ಬರವಣಿಗೆ | ಅಂಕಿ, ಶರೀರದ ಆಳ | ನೇರವಾಗಿ ಬಿ.ಎ. ಮನಃಶಾಸ್ತ್ರ |

- ವೈದ್ಯಕೀಯದ ಆಸೆ ಇಲ್ಲದವರಿಗೆ ಒಳ್ಳೆಯ ಜೋಡಣೆ: ಮನಃಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಜೊತೆಗೆ ಸಿಕ್ಕಿದರೆ ಸಂಖ್ಯಾಶಾಸ್ತ್ರ. ಇದು ಸಿಗದ ಊರಿನಲ್ಲಿ ಎಸ್‌ಇಬಿಎ ಅಥವಾ ಎಚ್‌ಇಪಿಎಸ್‌ನಿಂದಲೂ ಅದೇ ಪದವಿಗೆ ತಲುಪಬಹುದು.
- ಇಷ್ಟವಿಲ್ಲದ ಪಿಸಿಎಂಬಿ ಹಿಡಿದು ಕಡಿಮೆ ಅಂಕ ಪಡೆಯುವುದಕ್ಕಿಂತ ಇಷ್ಟದ ಕಲಾ ಜೋಡಣೆಯಲ್ಲಿ ಒಳ್ಳೆಯ ಅಂಕ ಪಡೆಯುವುದು ಮೇಲು. ಪದವಿ ಪ್ರವೇಶ ಬಹುಪಾಲು ಪಿಯು ಅಂಕದ ಮೇಲೆಯೇ ನಿಂತಿದೆ.

10. ಪದವಿ ಪ್ರವೇಶ

- ರಾಜ್ಯದ ಬಿ.ಎ., ಬಿ.ಎಸ್ಸಿ. ಮನಃಶಾಸ್ತ್ರ ಕೋರ್ಸುಗಳಿಗೆ ವೃತ್ತಿಶಿಕ್ಷಣದ ಕೆಸಿಇಟಿ ಅನ್ವಯಿಸುವುದಿಲ್ಲ.
- 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು ರಾಜ್ಯ ಸರ್ಕಾರ ಕೈಬಿಟ್ಟು, 2024–25ರಿಂದ ಮೂರು ವರ್ಷದ ಪದವಿಗೆ ಮರಳಿತು. ಈಗ ಮನಃಶಾಸ್ತ್ರದ ಜೊತೆ ಇತರ ಮುಖ್ಯ ವಿಷಯಗಳನ್ನೂ ಓದಬೇಕು. ಪತ್ರಿಕೋದ್ಯಮ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಐಚ್ಛಿಕ ಇಂಗ್ಲಿಷ್ ಸಾಮಾನ್ಯವಾಗಿ ಜೊತೆಯಾಗುವ ವಿಷಯಗಳು.
- ಬಿ.ಎ.ಯೋ ಬಿ.ಎಸ್ಸಿ.ಯೋ ಎಂಬ ಚಿಂತೆ ಅತಿಯಾಗಿ ಬೇಡ. ಎಂ.ಎ./ಎಂ.ಎಸ್ಸಿ. ಮನಃಶಾಸ್ತ್ರಕ್ಕೆ ಮುಖ್ಯವಾಗಿ ನೋಡುವುದು ಪದವಿಯಲ್ಲಿ ಮನಃಶಾಸ್ತ್ರ ಓದಿದ್ದೀರಾ ಎಂಬುದನ್ನು. ಆದರೆ ಕೆಲವು ಬಿ.ಎಸ್ಸಿ. ಜೋಡಣೆಗಳಿಗೆ ಪಿಯು ವಿಜ್ಞಾನ ಬೇಕು.
- ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ–ಯುಜಿ. ಆರಂಭ 2022. 2025ರಲ್ಲಿ ಒಟ್ಟು 37 ವಿಷಯಗಳು: 13 ಭಾಷೆ, 23 ನಿರ್ದಿಷ್ಟ ವಿಷಯ, 1 ಸಾಮಾನ್ಯ ಸಾಮರ್ಥ್ಯ ಪರೀಕ್ಷೆ. ಗರಿಷ್ಠ 5 ವಿಷಯ ಬರೆಯಬಹುದು. ಮನಃಶಾಸ್ತ್ರ ನಿರ್ದಿಷ್ಟ ವಿಷಯಗಳಲ್ಲಿದೆ, ಕನ್ನಡ ಭಾಷೆಗಳ ಪಟ್ಟಿಯಲ್ಲಿದೆ.
- ದೂರಶಿಕ್ಷಣದಲ್ಲಿ ಮನಃಶಾಸ್ತ್ರ ಮಾಡಿಕೊಳ್ಳಬಹುದೆಂದು ಎಣಿಸಬೇಡಿ. 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಮನಃಶಾಸ್ತ್ರ ಸೇರಿದಂತೆ ಆರೋಗ್ಯ ಸಂಬಂಧಿ ಕೋರ್ಸುಗಳನ್ನು ದೂರ ಹಾಗೂ ಆನ್‌ಲೈನ್ ಮಾದರಿಯಲ್ಲಿ ನಡೆಸಬಾರದೆಂದು ಯುಜಿಸಿ ಆದೇಶಿಸಿದೆ.

11. ಪದವಿಯ ನಂತರ: ಕಾನೂನು, ಪರವಾನಗಿ

- ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ: 1992. ಚಿಕಿತ್ಸಾ ಮನಃಶಾಸ್ತ್ರಜ್ಞರ ನೋಂದಣಿ ಈ ಪರಿಷತ್ತಿನದು.
- ಬರೀ ಎಂ.ಎ. ಮುಗಿಸಿ 'ಕ್ಲಿನಿಕಲ್ ಸೈಕಾಲಜಿಸ್ಟ್' ಎಂದು ಫಲಕ ಹಾಕುವಂತಿಲ್ಲ. ಪರಿಷತ್ತು ಮಾನ್ಯ ಮಾಡಿದ ಕ್ಲಿನಿಕಲ್ ತರಬೇತಿ ಬೇಕು.
- ಇಲ್ಲಿಯವರೆಗಿನ ಮುಖ್ಯ ಹಾದಿ ಎರಡು ವರ್ಷದ ಎಂ.ಫಿಲ್. ಇದಕ್ಕೆ ಎಂ.ಎ./ಎಂ.ಎಸ್ಸಿ. ಮನಃಶಾಸ್ತ್ರದಲ್ಲಿ ಶೇ. 55 ಅಂಕ ಕೇಳಲಾಗುತ್ತಿತ್ತು. ಎಂ.ಫಿಲ್ ಪದವಿಯನ್ನೇ ನಿಲ್ಲಿಸಿದ ಯುಜಿಸಿ, ಕ್ಲಿನಿಕಲ್ ಸೈಕಾಲಜಿಗೆ 2025–26ರವರೆಗೆ ವಿನಾಯಿತಿ ಕೊಟ್ಟಿತು. ಇಂದು ಪಿಯು ಸೇರುವವರು ಪರಿಷತ್ತಿನ ಹೊಸ ಕೋರ್ಸುಗಳ ಪ್ರಕಟಣೆಗಳನ್ನು ಗಮನಿಸುತ್ತಿರಬೇಕು.
- ವಿಕಲಚೇತನರ ಹಕ್ಕುಗಳ ಕಾಯ್ದೆ: 2016. ಗುರುತಿಸಿದ ವಿಕಲತೆಗಳು 21. ಮಾನಸಿಕ ಅಸ್ವಸ್ಥತೆ, ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ ಇದರಲ್ಲಿ ಸೇರಿವೆ.
- ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ: 2017. ಚಿಕಿತ್ಸಾ ಮನಃಶಾಸ್ತ್ರಜ್ಞ ಎಂದರೆ ಯಾರು ಎಂಬ ವ್ಯಾಖ್ಯಾನ ಇದರಲ್ಲಿದೆ.
- ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ: 2021. ಇತರ ಮನಃಶಾಸ್ತ್ರಜ್ಞರು ಇದರ ವ್ಯಾಪ್ತಿಗೆ ಬರುತ್ತಾರೆ.
- ಇತರ ಉಪಯೋಗ: ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಮನಃಶಾಸ್ತ್ರ ಐಚ್ಛಿಕ ವಿಷಯ, ಎರಡು ಪತ್ರಿಕೆ, ಒಟ್ಟು 500 ಅಂಕ. ಶಿಕ್ಷಕರ ಅರ್ಹತಾ ಪರೀಕ್ಷೆಯ ಪ್ರತಿ ಪತ್ರಿಕೆಯ 150 ಅಂಕಗಳಲ್ಲಿ 30 ಅಂಕ ಶಿಶು ವಿಕಸನ ಮತ್ತು ಬೋಧನಾ ಶಾಸ್ತ್ರಕ್ಕೆ.

12. ಕರ್ನಾಟಕದ ನಂಟು

- ಮೈಸೂರು ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗ ದೇಶದ ಮೊದಲ ಕೆಲವು ವಿಭಾಗಗಳಲ್ಲಿ ಒಂದು, 1924. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಅವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಓದಿದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಕೇಂದ್ರ ಆರಂಭಿಸಿದವರೂ ಅವರೇ. 'ಆಕಾಶವಾಣಿ' ಎಂಬ ಹೆಸರು ಬಂದದ್ದು ಆ ಕೇಂದ್ರದಿಂದ.
- ವಿ.ವಿ. ಕಾಮತ್ ಅವರು ಬಿನೆ ಬುದ್ಧಿಶಕ್ತಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿ 1934ರಲ್ಲಿ ಪ್ರಕಟಿಸಿದರು. 'ಬಿನೆ–ಕಾಮತ್ ಪರೀಕ್ಷೆ' ಎಂಬ ಹೆಸರಿನಲ್ಲಿ ಅದು ಬಳಕೆಗೆ ಬಂದಿತು.
- ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದ ಬಿ. ಕುಪ್ಪುಸ್ವಾಮಿ ಅವರ ಸಾಮಾಜಿಕ–ಆರ್ಥಿಕ ಸ್ಥಿತಿಯ ಅಳತೆಗೋಲು, 1976, ಶಿಕ್ಷಣ, ಉದ್ಯೋಗ, ಆದಾಯ ಮೂರನ್ನೂ ಲೆಕ್ಕ ಹಾಕುತ್ತದೆ. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಮನಃಶಾಸ್ತ್ರ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ.
- ಬೆಂಗಳೂರಿನ ನಿಮ್ಹಾನ್ಸ್: ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954, ಮಾನಸಿಕ ಆಸ್ಪತ್ರೆಯೊಂದಿಗೆ ವಿಲೀನವಾಗಿ ನಿಮ್ಹಾನ್ಸ್ 1974, ರಾಷ್ಟ್ರೀಯ ಮಹತ್ವದ ಸಂಸ್ಥೆ 2012.
- ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ: 1965. ಇಲ್ಲಿಯೂ ಚಿಕಿತ್ಸಾ ಮನಃಶಾಸ್ತ್ರ ವಿಭಾಗವಿದೆ.
- ಬಳ್ಳಾರಿ ಮಾದರಿ: ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982.
- ಟೆಲಿ ಮಾನಸ್: 2022ರ ಅಕ್ಟೋಬರ್ 10ರಂದು ಆರಂಭ. ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ 14416. ಪ್ರಧಾನ ಕೇಂದ್ರ ನಿಮ್ಹಾನ್ಸ್.

13. ನೆನಪಿಡಬೇಕಾದ ಇಸವಿಗಳು

- 1879: ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಅವರ ಪ್ರಯೋಗಾಲಯ
- 1885: ಎಬ್ಬಿಂಗ್‌ಹೌಸ್ ಅವರ ಸ್ಮೃತಿ ಅಧ್ಯಯನ
- 1890: ವಿಲಿಯಂ ಜೇಮ್ಸ್ ಅವರ ಮನಃಶಾಸ್ತ್ರದ ಮಹಾಗ್ರಂಥ
- 1905: ಬಿನೆ–ಸೈಮನ್ ಬುದ್ಧಿಶಕ್ತಿ ಪರೀಕ್ಷೆ
- 1913: ಜೆ.ಬಿ. ವಾಟ್ಸನ್ ಅವರ ವರ್ತನಾವಾದದ ಘೋಷಣೆ
- 1915: ಭಾರತದ ಮೊದಲ ಮನಃಶಾಸ್ತ್ರ ಪ್ರಯೋಗಾಲಯ, ಕಲ್ಕತ್ತಾ ವಿಶ್ವವಿದ್ಯಾಲಯ
- 1916: ಅಲ್ಲಿಯೇ ದೇಶದ ಮೊದಲ ಮನಃಶಾಸ್ತ್ರ ವಿಭಾಗ, ಎನ್.ಎನ್. ಸೇನ್‌ಗುಪ್ತ
- 1922: ಗಿರೀಂದ್ರಶೇಖರ ಬೋಸ್ ಅವರಿಂದ ಭಾರತೀಯ ಮನೋವಿಶ್ಲೇಷಣಾ ಸಂಘ
- 1956: ಅಲ್ಪಾವಧಿ ಸ್ಮೃತಿಯ ಮಿತಿ ಏಳು, ಎರಡು ಹೆಚ್ಚು ಅಥವಾ ಕಡಿಮೆ ಎಂದ ಜಾರ್ಜ್ ಮಿಲ್ಲರ್

14. ತಪ್ಪು ತಿಳಿವಳಿಕೆ, ಸರಿ ಉತ್ತರ

- "ಮನಃಶಾಸ್ತ್ರದಲ್ಲಿ ಲೆಕ್ಕ ಇಲ್ಲ." ಇದೆ. ಸಂಖ್ಯಾಶಾಸ್ತ್ರ ಪದವಿಯಿಂದ ಸಂಶೋಧನೆಯವರೆಗೆ ಜೊತೆಗೇ ಇರುತ್ತದೆ.
- "ಪಿಯುಸಿಯಲ್ಲಿ ಓದದಿದ್ದರೆ ಪದವಿ ಸಿಗದು." ಸಾಮಾನ್ಯವಾಗಿ ಸಿಗುತ್ತದೆ.
- "ಪದವಿ ಮುಗಿದರೆ ಚಿಕಿತ್ಸೆ ಕೊಡಬಹುದು." ಆಗದು. ಸ್ನಾತಕೋತ್ತರ ಪದವಿ, ಮೇಲ್ವಿಚಾರಣೆಯ ತರಬೇತಿ, ನೋಂದಣಿ ಬೇಕು.
- "ವಿದೇಶದಲ್ಲಿ ಓದಲು ಮನಃಶಾಸ್ತ್ರ ಮೊದಲೇ ಓದಿರಬೇಕು." ಬ್ರಿಟನ್ನಿನಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೂರು ಎ–ಲೆವೆಲ್ ವಿಷಯ ಓದುತ್ತಾರೆ. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಅವುಗಳಲ್ಲಿ ಮನಃಶಾಸ್ತ್ರ ಕಡ್ಡಾಯವಲ್ಲ, ಕೆಲವು ಒಂದು ವಿಜ್ಞಾನ ವಿಷಯ ಅಥವಾ ಗಣಿತ ಕೇಳುತ್ತವೆ. ಅಲ್ಲಿ ಪದವಿಗೆ ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ ಮಾನ್ಯತೆ ಇದೆಯೇ ಎಂದು ನೋಡುವುದು ಹೆಚ್ಚು ಮುಖ್ಯ.

15. ಒಂದು ವಾಕ್ಯದ ಪ್ರಶ್ನೋತ್ತರ

1. ನೀಟ್‌ಗೆ ಕಡ್ಡಾಯವಾದ ವಿಜ್ಞಾನ ವಿಷಯಗಳು? – ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಅಥವಾ ಜೈವಿಕ ತಂತ್ರಜ್ಞಾನ.
2. ಚಿಕಿತ್ಸಾ ಮನಃಶಾಸ್ತ್ರಜ್ಞರ ನೋಂದಣಿ ಯಾವ ಸಂಸ್ಥೆಯಲ್ಲಿ? – ಭಾರತೀಯ ಪುನರ್ವಸತಿ ಪರಿಷತ್ತು.
3. ಸಂಖ್ಯಾಶಾಸ್ತ್ರ ಸೇರಿರುವ ವಾಣಿಜ್ಯ ಕಾಂಬಿನೇಷನ್? – ಎಸ್‌ಇಬಿಎ.
4. ವಿಶ್ವ ಮಾನಸಿಕ ಆರೋಗ್ಯ ದಿನ? – ಅಕ್ಟೋಬರ್ 10.
5. ಕನ್ನಡ ಮಕ್ಕಳಿಗೆ ಬಿನೆ ಪರೀಕ್ಷೆಯನ್ನು ಒಗ್ಗಿಸಿದವರು? – ವಿ.ವಿ. ಕಾಮತ್.
6. ಮನಃಶಾಸ್ತ್ರಜ್ಞರಾಗಿದ್ದು ಅರ್ಥಶಾಸ್ತ್ರದ ನೊಬೆಲ್ ಪಡೆದವರು? – ಡೇನಿಯಲ್ ಕಾಹ್ನೆಮನ್, 2002.

16. ಅರ್ಜಿ ತುಂಬುವ ಮೊದಲು

- ಮನೋವೈದ್ಯರಾಗುವ ಆಸೆ ಇದೆಯೇ ಇಲ್ಲವೇ ಎಂದು ಮೊದಲು ತೀರ್ಮಾನಿಸಿ.
- ಸೇರಬೇಕೆಂದಿರುವ ಪದವಿ ಕಾಲೇಜುಗಳ ಈ ವರ್ಷದ ಅರ್ಹತಾ ನಿಯಮಗಳನ್ನು ಅವರ ಪ್ರಕಟಣೆಯಲ್ಲೇ ಓದಿ. ಹಿರಿಯ ವಿದ್ಯಾರ್ಥಿಗಳ ಕಾಲದ ನಿಯಮ ಬದಲಾಗಿರಬಹುದು.
- ಪಿಯು ಮನಃಶಾಸ್ತ್ರದ ಪುಸ್ತಕ ಎರವಲು ತಂದು ಸ್ಮೃತಿ ಮತ್ತು ವಿಚಾರಣಾ ವಿಧಾನಗಳ ಅಧ್ಯಾಯ ಓದಿ ನೋಡಿ. ಅವು ಹಿಡಿಸಿದರೆ ವಿಷಯ ನಿಮ್ಮದು.
- ನಿಮ್ಮ ಕಾಂಬಿನೇಷನ್ ಕೊಡದ ಮೂರನೆಯ ಬಲ ಯಾವುದೆಂದು ಗುರುತಿಸಿ, ಅದಕ್ಕೆ ವಾರಕ್ಕೆ ಒಂದೆರಡು ಗಂಟೆ ಈಗಿನಿಂದಲೇ ಎತ್ತಿಡಿ.

ಮನಃಶಾಸ್ತ್ರ ಪದವಿಯ ಬಾಗಿಲು ಮೂರೂ ವಿಭಾಗದವರಿಗೆ ತೆರೆದಿದೆ. ಒಳಗೆ ಹೋದ ಮೇಲೆ ಲೆಕ್ಕ ಬರದವರು, ನರಮಂಡಲ ತಿಳಿಯದವರು, ನಾಲ್ಕು ಪುಟ ಬರೆಯಲಾಗದವರು ಒದ್ದಾಡುತ್ತಾರೆ. ಆದ್ದರಿಂದ ಕಾಂಬಿನೇಷನ್ನಿನ ಹೆಸರಿಗಿಂತ ಅದು ನಿಮ್ಮಲ್ಲಿ ಬೆಳೆಸುವ ಬಲವನ್ನು ನೋಡಿ ಆರಿಸಿ.